ಕೈಗೆ ಗೊತ್ತಿದ್ದು, ಅರ್ಜಿಗೆ ಬಾರದ್ದು

ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ನಾನು ಶುಶ್ರೂಷಾಧಿಕಾರಿಯಾಗಿ ಸೇರಿ ಹನ್ನೊಂದು ವರ್ಷಗಳಾದವು. ಈ ಅವಧಿಯಲ್ಲಿ ಮಿಡ್‌ವೈಫರಿಯ, ಅಂದರೆ ಹೆರಿಗೆ ಆರೈಕೆಯ, ಹೆಚ್ಚಿನ ತರಬೇತಿಗೆಂದು ಎರಡು ಬಾರಿ ಅರ್ಜಿ ಹಾಕಿದ್ದೇನೆ. ಎರಡೂ ಅರ್ಜಿಗಳಲ್ಲಿ ಒಂದೇ ಪ್ರಶ್ನೆಯಿತ್ತು: ನಿಮ್ಮ ವೃತ್ತಿಪರ ಸಾಮರ್ಥ್ಯಗಳನ್ನು 300 ಪದಗಳಲ್ಲಿ ವಿವರಿಸಿ. ಮೊದಲ ಸಲ ಆ ಚೌಕವನ್ನು ತುಂಬಿಸಲು ನನಗೆ ಇಪ್ಪತ್ತು ನಿಮಿಷ ಸಾಕಾಗಿತ್ತು. ಎರಡನೆಯ ಸಲ ಹೆಚ್ಚುಕಡಿಮೆ ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳಲ್ಲಿ ನನ್ನ ಕೆಲಸದ ಬಗ್ಗೆ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ರಾಯಚೂರು, ಕೊಪ್ಪಳ, ಬಳ್ಳಾರಿಯ ಎಷ್ಟೋ ಗೆಳತಿಯರು ತಮ್ಮ ಅರ್ಜಿಗಳನ್ನು ಒಮ್ಮೆ ನೋಡಿಕೊಡಿ ಎಂದು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ. ಅವುಗಳಲ್ಲಿ ನನ್ನ ಹಳೆಯ ಇಪ್ಪತ್ತು ನಿಮಿಷದ ಉತ್ತರವೇ ಮತ್ತೆ ಮತ್ತೆ ಕಾಣಿಸುತ್ತದೆ.

ಆ ಹಳೆಯ ಉತ್ತರದ ಪ್ರತಿ ಈಗಲೂ ನನ್ನ ಬಳಿ ಇದೆ. ನಾನು ಶ್ರಮಜೀವಿ, ಪ್ರಾಮಾಣಿಕಳು, ಸಮಯಪಾಲನೆಗೆ ಮಹತ್ವ ಕೊಡುವವಳು, ಎಂತಹ ಒತ್ತಡದಲ್ಲೂ ತಾಳ್ಮೆಯಿಂದ ಕೆಲಸ ಮಾಡಬಲ್ಲೆ, ತಂಡದೊಂದಿಗೆ ಹೊಂದಿಕೊಂಡು ಹೋಗುತ್ತೇನೆ, ಹೊಸದನ್ನು ಕಲಿಯುವ ಆಸಕ್ತಿಯಿದೆ ಎಂದು ಅದರಲ್ಲಿ ಬರೆದಿದ್ದೆ. ಇವುಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ಇದೇ ವಾಕ್ಯಗಳನ್ನು ಒಬ್ಬ ಬ್ಯಾಂಕ್ ಗುಮಾಸ್ತರು ಬರೆಯಬಹುದು, ಬಸ್ ನಿರ್ವಾಹಕರು ಬರೆಯಬಹುದು, ನಿನ್ನೆ ತಾನೇ ಕೋರ್ಸ್ ಮುಗಿಸಿ ಬಂದ ಹುಡುಗಿಯೂ ಬರೆಯಬಹುದು. ಹನ್ನೊಂದು ವರ್ಷ ಹೆರಿಗೆ ಕೋಣೆಯಲ್ಲಿ ನಿಂತವಳೊಬ್ಬಳು ಬರೆದದ್ದು ಎಂಬುದಕ್ಕೆ ಆ ಪುಟದಲ್ಲಿ ಒಂದು ಗುರುತೂ ಇರಲಿಲ್ಲ. ಆಯ್ಕೆಯಾಗಲಿಲ್ಲವೆಂದು ತಿಳಿದ ದಿನ ಬಹಳ ನೊಂದುಕೊಂಡೆ. ಈಗ ಆ ಉತ್ತರವನ್ನು ಓದಿದರೆ, ಓದಿದವರಿಗೆ ನನ್ನನ್ನು ಆರಿಸಲು ನಾನು ಯಾವ ಕಾರಣವನ್ನೂ ಕೊಟ್ಟಿರಲಿಲ್ಲವೆಂದು ಅರ್ಥವಾಗುತ್ತದೆ.

ವಿಚಿತ್ರವೆಂದರೆ, ಕೆಲಸದ ವೇಳೆಯಲ್ಲಿ ನಾವು ಯಾರೂ ಹೀಗೆ ಮಾತನಾಡುವುದಿಲ್ಲ. ರಾತ್ರಿ ಎರಡು ಗಂಟೆಗೆ ಕರ್ತವ್ಯದ ವೈದ್ಯರಿಗೆ ಫೋನ್ ಮಾಡಿ ‘ಪೇಷೆಂಟ್ ಸೀರಿಯಸ್ ಇದ್ದಾರೆ, ಬೇಗ ಬನ್ನಿ’ ಎಂದಷ್ಟೇ ಹೇಳುವ ನರ್ಸ್ ಇನ್ನೂ ಕಲಿಯುವುದಿದೆ ಎಂದು ನಾವೇ ತೀರ್ಮಾನಿಸುತ್ತೇವೆ. ನಾಲ್ಕನೇ ಬೆಡ್, ಎರಡನೇ ಹೆರಿಗೆ, ಹೆರಿಗೆಯಾಗಿ 40 ನಿಮಿಷ, ನಾಡಿ 118, ಬಿಪಿ 90/60, ಗರ್ಭಕೋಶ ಮೆತ್ತಗಿದೆ, ಎರಡು ಪ್ಯಾಡ್ ತೊಯ್ದಿವೆ, ಮಸಾಜ್ ಮಾಡುತ್ತಿದ್ದೇವೆ, ಡ್ರಿಪ್ ಶುರು ಮಾಡಿದ್ದೇವೆ, ಕೂಡಲೇ ಬರಬೇಕು ಎಂದು ಹೇಳಬೇಕೆಂಬುದು ನಮಗೆ ಗೊತ್ತು. ಎಸ್‌ಬಿಎಆರ್ ಎಂಬ ಹೆಸರಿನಲ್ಲಿ ಇದನ್ನು ನಮಗೆ ಕಲಿಸಿದ್ದಾರೆ: ಮೊದಲು ಈಗಿನ ಸ್ಥಿತಿ, ನಂತರ ಹಿನ್ನೆಲೆ, ನಂತರ ನನ್ನ ಅಂದಾಜು, ಕೊನೆಗೆ ಏನಾಗಬೇಕೆಂಬ ಸಲಹೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಹುಟ್ಟಿ ನಂತರ ಆಸ್ಪತ್ರೆಗಳಿಗೆ ಬಂದ ಕ್ರಮವಿದು. ನಡುರಾತ್ರಿ ನಿದ್ದೆಯಿಂದ ಎದ್ದವರಿಗೂ ಅರ್ಧ ನಿಮಿಷದಲ್ಲಿ ಚಿತ್ರ ಸ್ಪಷ್ಟವಾಗುತ್ತದೆ ಎಂಬುದೇ ಇದರ ಬಲ. ನಮ್ಮನ್ನು ಎಂದೂ ನೋಡದವರು ನಮ್ಮ ಅರ್ಜಿಯನ್ನು ಓದುವ ಸಂದರ್ಭವೂ ಇಂಥದ್ದೇ. ಅವರ ಮುಂದೆ ನೂರಾರು ಅರ್ಜಿಗಳಿರುತ್ತವೆ. ಬಾಣಂತಿಯ ಬಗ್ಗೆ ಇಷ್ಟು ಖಚಿತವಾಗಿ ಮಾತನಾಡುವ ನಾನು ನನ್ನ ಬಗ್ಗೆ ಮಾತನಾಡುವಾಗ ಮಾತ್ರ ‘ಪೇಷೆಂಟ್ ಸೀರಿಯಸ್’ ಎಂಬ ಧಾಟಿಗೆ ಏಕೆ ಇಳಿದೆ ಎಂಬ ಪ್ರಶ್ನೆ ಎರಡನೆಯ ಅರ್ಜಿಯ ಹೊತ್ತಿಗೆ ನನ್ನನ್ನು ಕಾಡತೊಡಗಿತು.

ಅದಕ್ಕೆ ಮೊದಲ ಕಾರಣ ನಾವು ಬೆಳೆದ ರೀತಿಯಲ್ಲಿದೆ. ತನ್ನನ್ನು ತಾನು ಹೊಗಳಿಕೊಳ್ಳಬಾರದು, ತುಂಬಿದ ಕೊಡ ತುಳುಕುವುದಿಲ್ಲ ಎಂಬ ಮಾತುಗಳನ್ನು ಕೇಳಿಯೇ ದೊಡ್ಡವರಾದೆವು, ಮತ್ತು ಆ ಮಾತುಗಳನ್ನು ನಾನು ಈಗಲೂ ಗೌರವಿಸುತ್ತೇನೆ. ಆದರೆ ಮಾಡಿದ ಕೆಲಸವನ್ನು ಇದ್ದಂತೆ ಹೇಳುವುದಕ್ಕೂ ತನ್ನನ್ನು ಬಣ್ಣಿಸಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ನಿಜ ಹೇಳಬೇಕೆಂದರೆ, ಶ್ರಮಜೀವಿ, ಪ್ರಾಮಾಣಿಕಳು ಎಂಬ ವಿಶೇಷಣಗಳೇ ಬಣ್ಣನೆ. ನಾಡಿ 118 ಇತ್ತು, ನಾನು ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದೆ ಎಂಬುದು ಬರೀ ವರದಿ. ಎರಡನೆಯ ಕಾರಣ ನಮ್ಮ ಕಚೇರಿ ಕನ್ನಡದಲ್ಲಿದೆ. ದಾಖಲೆಗಳಲ್ಲಿ ನಾವು ದಿನವೂ ಬರೆಯುವುದು ಮಾಡಲಾಯಿತು, ತಿಳಿಸಲಾಯಿತು, ಕ್ರಮ ಕೈಗೊಳ್ಳಲಾಯಿತು ಎಂದು. ಮಾಡಿದವರು ಯಾರು, ತಿಳಿಸಿದವರು ಯಾರು ಎಂಬುದು ಆ ‘ಲಾಯಿತು’ವಿನೊಳಗೆ ಮುಚ್ಚಿಹೋಗುತ್ತದೆ. ಕೇಸ್ ಶೀಟಿನಲ್ಲಿ ಕೆಳಗೆ ಸಹಿ ಇರುವುದರಿಂದ ಅದು ನಡೆಯುತ್ತದೆ. ಅರ್ಜಿಯಲ್ಲೂ ಅದೇ ರೂಢಿಯಿಂದ ‘ಅನೇಕ ಕ್ಲಿಷ್ಟ ಹೆರಿಗೆಗಳನ್ನು ಯಶಸ್ವಿಯಾಗಿ ನಿರ್ವಹಿಸಲಾಗಿದೆ’ ಎಂದು ಬರೆದರೆ, ಓದುವವರು ನಮ್ಮನ್ನು ಆ ವಾಕ್ಯದಲ್ಲಿ ಎಲ್ಲಿ ಹುಡುಕಬೇಕು?

ಎರಡನೆಯ ಸಲ ನಾನು ನನ್ನ ಸಾಮರ್ಥ್ಯವೇನೆಂದು ಕುಳಿತು ಯೋಚಿಸುವುದನ್ನು ಬಿಟ್ಟು, ಜನ ನನ್ನನ್ನು ಯಾವುದಕ್ಕೆ ಕರೆಯುತ್ತಾರೆ ಎಂದು ಗಮನಿಸತೊಡಗಿದೆ. ಒಂದು ಸಣ್ಣ ಡೈರಿ ಇಟ್ಟುಕೊಂಡು, ಪ್ರತಿ ಡ್ಯೂಟಿಯ ಕೊನೆಗೆ ಎರಡೇ ವಿಷಯ ಬರೆದೆ: ಇಂದು ಯಾರು ನನ್ನನ್ನು ಏನಕ್ಕಾಗಿ ಕರೆದರು, ಮತ್ತು ಯಾರೂ ಕೇಳದೆ ನಾನಾಗಿಯೇ ಏನು ಮಾಡಿದೆ. ಮೊದಲ ವಾರ ಬರೆಯಲು ಏನೂ ಇಲ್ಲವೆನಿಸಿತು. ಹತ್ತು ದಿನ ಕಳೆದ ಮೇಲೆ ಪುಟಗಳಲ್ಲಿ ಕೆಲವು ಮಾತುಗಳು ಮರುಕಳಿಸತೊಡಗಿದವು. ಅವುಗಳ ಪೈಕಿ ಮುಖ್ಯವಾದ ಒಂದನ್ನು ನನಗೆ ತೋರಿಸಿಕೊಟ್ಟವರು ನಮ್ಮ ವಾರ್ಡಿನ ಹಿರಿಯ ಆಯಾ.

ರಾತ್ರಿ ಎಂಟಕ್ಕೆ ಡ್ಯೂಟಿ ಬದಲಾಗುತ್ತದೆ. ಹಗಲಿನ ಸಿಸ್ಟರ್ ರಿಜಿಸ್ಟರ್ ಹಿಡಿದು ಒಬ್ಬೊಬ್ಬ ಬಾಣಂತಿಯ ವಿವರ ಹೇಳುತ್ತಾರೆ. ಬಿಪಿ ನಾರ್ಮಲ್, ರಕ್ತಸ್ರಾವ ನಾರ್ಮಲ್, ಕೂಸು ಹಾಲು ಕುಡಿದಿದೆ. ನಾನು ಕೇಳಿಸಿಕೊಳ್ಳುತ್ತಲೇ ಹಾಸಿಗೆಯ ಪಕ್ಕಕ್ಕೆ ಹೋಗಿ, ಬಾಣಂತಿಗೆ ಹೇಳಿ, ಹೊದಿಕೆ ಸರಿಸಿ, ಹೊಕ್ಕುಳದ ಬಳಿ ಅಂಗೈಯಿಟ್ಟು ಗರ್ಭಕೋಶವನ್ನು ಮುಟ್ಟಿ ನೋಡುತ್ತೇನೆ. ಅದು ಬೇಲದ ಕಾಯಿಯಂತೆ ಗಟ್ಟಿಯಾಗಿ ಅಂಗೈಯೊಳಗೆ ಕೂತರೆ ಒಳ್ಳೆಯದು. ನಾದಿದ ಕಣಕದಂತೆ ಮೆತ್ತಗಿದ್ದು ಬೆರಳು ಒಳಗೆ ಹೋದಂತಾದರೆ, ಬಿಪಿ ಎಷ್ಟೇ ಚೆನ್ನಾಗಿರಲಿ, ಅಪಾಯ ಶುರುವಾಗಿದೆ ಎಂದರ್ಥ. ಅದು ಹೊಕ್ಕುಳಕ್ಕಿಂತ ಮೇಲಕ್ಕೆ, ಬಲಕ್ಕೆ ಸರಿದಿದ್ದರೆ ಮೂತ್ರಕೋಶ ತುಂಬಿದೆ. ಮೂತ್ರಕೋಶ ತುಂಬಿದ್ದರೆ ಗರ್ಭಕೋಶ ಬಿಗಿಯಾಗಲಾರದು. ನಂತರ ಕೈಯನ್ನು ಸೊಂಟದ ಕೆಳಗೆ ಹಾಕಿ ಹಾಸು ಒದ್ದೆಯಾಗಿದೆಯೇ ಎಂದು ನೋಡುತ್ತೇನೆ, ಏಕೆಂದರೆ ಮಲಗಿದವಳ ರಕ್ತ ಪ್ಯಾಡಿಗೆ ಬಾರದೆ ಬೆನ್ನಿನಡಿಗೆ ಹರಿದು ನಿಲ್ಲುವುದುಂಟು. ಒಬ್ಬರಿಗೆ ಒಂದು ನಿಮಿಷ ಹಿಡಿಯುತ್ತದೆ. ಹೆರಿಗೆಯ ನಂತರ ರಕ್ತಸ್ರಾವ 500 ಎಂಎಲ್ ಮುಟ್ಟಿದರೆ ಅಥವಾ ದಾಟಿದರೆ ಅದನ್ನು ಅತಿಯಾದ ರಕ್ತಸ್ರಾವವೆಂದು ಪುಸ್ತಕ ಹೇಳುತ್ತದೆ, ಆದರೆ ಕಣ್ಣಳತೆಯಲ್ಲಿ ಅದು ಯಾವಾಗಲೂ ಕಡಿಮೆಯೇ ಕಾಣುತ್ತದೆ. ಈ ಒಂದು ನಿಮಿಷವನ್ನು ನಾನು ಎಷ್ಟು ವರ್ಷಗಳಿಂದ ಮಾಡುತ್ತಿದ್ದೇನೆಂದರೆ, ಅದು ನನಗೆ ಕೈ ತೊಳೆಯುವಷ್ಟೇ ಸಹಜವಾಗಿ ಬಿಟ್ಟಿತ್ತು. ಒಂದು ರಾತ್ರಿ ಚಹಾ ಕುಡಿಯುವಾಗ ಆಯಾ ಹೇಳಿದರು: ‘ನೀವು ಕಿವಿಲೆ ಡ್ಯೂಟಿ ತಗೊಳಂಗಿಲ್ರಿ ಸಿಸ್ಟರ್, ಕೈಲೆ ತಗೋತೀರಿ.’

ಆ ಮಾತನ್ನು ಅಂದೇ ಡೈರಿಯಲ್ಲಿ ಬರೆದಿಟ್ಟೆ. ನನ್ನ ಸಾಮರ್ಥ್ಯದ ಬಗ್ಗೆ ಅದಕ್ಕಿಂತ ನಿಖರವಾದ ವಾಕ್ಯವನ್ನು ಯಾರೂ ಹೇಳಿರಲಿಲ್ಲ.

ತನ್ನ ಕೈಗೆ ಗೊತ್ತಿರುವುದನ್ನು ತಾನೇ ಗಮನಿಸದಿರುವುದು ನನ್ನೊಬ್ಬಳ ಮರೆವಲ್ಲ. ಅಮೆರಿಕದ ಶುಶ್ರೂಷಾ ವಿದ್ವಾಂಸೆ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನರ್ಸ್ ಒಬ್ಬಳು ಹೊಸಬಳಿಂದ ಪರಿಣತೆಯಾಗುವವರೆಗೆ ಐದು ಹಂತಗಳನ್ನು ಗುರುತಿಸಿದರು. ಹೊಸಬಳು ನಿಯಮ ಹಿಡಿದು ನಡೆಯುತ್ತಾಳೆ, ಆದ್ದರಿಂದ ತಾನು ಏನು ಮಾಡುತ್ತಿದ್ದೇನೆಂದು ಹೇಳಬಲ್ಲಳು. ಪರಿಣತೆಗೆ ನಿಯಮಗಳು ಕಣ್ಣಿಗೆ, ಕೈಗೆ ಇಳಿದುಬಿಟ್ಟಿರುತ್ತವೆ; ಏಕೆ ಹಾಗೆ ಮಾಡಿದಿರಿ ಎಂದು ಕೇಳಿದರೆ ‘ಏನೋ ಸರಿ ಕಾಣಲಿಲ್ಲ’ ಎನ್ನುತ್ತಾಳೆ. ಅಂಥ ತಿಳಿವಳಿಕೆಯನ್ನು ಹೊರಗೆ ತರಲು ಬೆನ್ನರ್ ಅನುಸರಿಸಿದ ಹಾದಿಯೆಂದರೆ ನರ್ಸ್‌ಗಳಿಂದ ನಡೆದ ಘಟನೆಗಳನ್ನು ಸವಿವರವಾಗಿ ಹೇಳಿಸುವುದು. ನಿಮ್ಮ ಗುಣಗಳೇನು ಎಂಬ ಪ್ರಶ್ನೆಗೆ ಬಾಯಿ ಕಟ್ಟುವವರು, ಆ ರಾತ್ರಿ ಏನಾಯಿತು ಎಂದರೆ ನಿರರ್ಗಳವಾಗಿ ಮಾತನಾಡುತ್ತಾರೆ. ನಾವು ಓದುವಾಗ ಬೆನ್ನರ್ ಹೆಸರು ಪರೀಕ್ಷೆಗೆ ಐದು ಅಂಕದ ಟಿಪ್ಪಣಿಯಾಗಿತ್ತು. ಅದು ನನ್ನ ಬದುಕಿಗೇ ಸಂಬಂಧಿಸಿದ ಮಾತು ಎಂದು ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಡೈರಿಯಲ್ಲಿ ಕಂಡ ಇನ್ನೊಂದು ಸಂಗತಿಯನ್ನು ನಾನು ಸಾಮರ್ಥ್ಯವೆಂದು ಎಣಿಸಿಯೇ ಇರಲಿಲ್ಲ. ಅದು ಬರೀ ಈ ಭಾಗದಲ್ಲಿ ಹುಟ್ಟಿ ಬೆಳೆದದ್ದರ ಫಲ ಎಂದುಕೊಂಡಿದ್ದೆ. ನಮ್ಮಲ್ಲಿಂದ ಬೆಂಗಳೂರಿಗೆ ಗುಳೆ ಹೋದ ಕುಟುಂಬಗಳ ಹೆಣ್ಣುಮಕ್ಕಳು ಹೆರಿಗೆಗೆಂದು ಊರಿಗೆ ಮರಳುತ್ತಾರೆ. ಕೆಲವರ ತಾಯಿ ಕಾರ್ಡು ಕಟ್ಟಡದ ಶೆಡ್ಡಿನಲ್ಲೇ ಉಳಿದಿರುತ್ತದೆ, ಸ್ಕ್ಯಾನಿಂಗ್ ವರದಿ ಕಳೆದಿರುತ್ತದೆ. ಕೊನೆಯ ಮುಟ್ಟಿನ ತಾರೀಖು ಕೇಳಿದರೆ ಗೊತ್ತಿಲ್ಲವೆನ್ನುತ್ತಾರೆ. ಆಗ ಜೊತೆಯವರು ನನ್ನನ್ನು ಕರೆಯುತ್ತಾರೆ. 2025ರ ಶ್ರಾವಣದಲ್ಲಿ, ಆಗಸ್ಟ್ ಮೂರನೆಯ ವಾರ, ಹೀಗೆ ಒಬ್ಬ ಹುಡುಗಿ ನೋವು ಶುರುವಾಗಿ ಬಂದಳು. ಒಂಬತ್ತು ತುಂಬಿದೆ ಎಂದು ಅತ್ತೆ ಹೇಳುತ್ತಿದ್ದರು. ನಾನು ತಾರೀಖನ್ನು ಕೇಳಲಿಲ್ಲ; ದೀಪಾವಳಿಗೆ ಊರಿಗೆ ಬಂದಿದ್ದಿಯಾ, ಎಳ್ಳಮಾಸಿಗೆ ಎಲ್ಲಿದ್ದೆ, ಆಗ ಹೊರಗಾಗಿದ್ದೆಯಾ ಎಂದು ಕೇಳುತ್ತಾ ಹೋದೆ. ಅವಳ ಮುಖ ಅರಳಿತು. ‘ಎಳ್ಳಮಾಸಿ ದಿನ ಎಲ್ಲಾರೂ ಚರಗ ಚೆಲ್ಲಾಕ ಹೊಲಕ್ಕ ಹೋದ್ರು, ನಾ ಮುಟ್ಟಾಗಿದ್ನಿ, ಒಬ್ಬಾಕೀನ ಮನ್ಯಾಗ ಉಳದೆ’ ಎಂದಳು. ಎಳ್ಳಮಾವಾಸ್ಯೆ ಹಬ್ಬದ ದಿನ ಎಲ್ಲರೂ ಚರಗವನ್ನು, ಅಂದರೆ ಹೊಲಕ್ಕೆ ಚೆಲ್ಲುವ ನೈವೇದ್ಯವನ್ನು, ಹಿಡಿದು ಎತ್ತಿನ ಬಂಡಿ, ಟ್ರ್ಯಾಕ್ಟರ್ ಹತ್ತಿ ಹೊಲಕ್ಕೆ ಹೋಗುವಾಗ ಒಬ್ಬಳೇ ಮನೆಯಲ್ಲಿ ಉಳಿದ ಹೆಣ್ಣುಮಗಳು ಆ ದಿನವನ್ನು ಮರೆಯುವುದಿಲ್ಲ. ಆ ಪದ್ಧತಿಯ ಬಗ್ಗೆ ನನಗೆ ನೋವಿದೆ, ಆದರೆ ಅದರಿಂದ ಹುಟ್ಟುವ ನೆನಪು ಮಾತ್ರ ಗಟ್ಟಿ.

ಹೆರಿಗೆ ಕೋಣೆಯ ಗೋಡೆಯ ಮೇಲೆ ಹಿಂದಿನ ವರ್ಷದ ಕ್ಯಾಲೆಂಡರನ್ನು ನಾನು ತೆಗೆಯಗೊಡುವುದಿಲ್ಲ. ಎಳ್ಳಮಾವಾಸ್ಯೆ 2024ರ ಡಿಸೆಂಬರ್ 30ಕ್ಕೆ ಬಿದ್ದಿತ್ತು. ಅಲ್ಲಿಂದ 280 ದಿನ ಎಣಿಸಿದರೆ ದಿನ ತುಂಬುವುದು ಅಕ್ಟೋಬರ್ ಮೊದಲ ವಾರಕ್ಕೆ. ಅಂದರೆ ಅವಳಿಗೆ ಆಗ ಬರೀ 33 ವಾರ. ಈ ಹಂತದಲ್ಲಿ ಗರ್ಭಕೋಶದ ಎತ್ತರ ಸೆಂಟಿಮೀಟರ್‌ಗಳಲ್ಲಿ ಹೆಚ್ಚುಕಡಿಮೆ ವಾರಗಳ ಸಂಖ್ಯೆಯಷ್ಟೇ ಇರುತ್ತದೆ; ಟೇಪ್ ಹಿಡಿದು ಅಳೆದಾಗ 32 ಸೆಂಟಿಮೀಟರ್ ಬಂದು ಲೆಕ್ಕಕ್ಕೆ ತಾಳೆಯಾಯಿತು. 34 ವಾರಕ್ಕೆ ಮೊದಲೇ ಹೆರಿಗೆಯಾಗುವ ಸಂಭವವಿದ್ದರೆ ಕೂಸಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಡೆಕ್ಸಾಮೆಥಾಸೋನ್ 6 ಮಿಲಿಗ್ರಾಂ ಚುಚ್ಚುಮದ್ದನ್ನು ಹನ್ನೆರಡು ತಾಸಿಗೊಮ್ಮೆ ಒಟ್ಟು ನಾಲ್ಕು ಬಾರಿ ಕೊಡುತ್ತಾರೆ. ಒಂಬತ್ತು ತುಂಬಿದೆಯೆಂದು ನಂಬಿದ್ದರೆ ಆ ಮದ್ದಿನ ಮಾತೇ ಬರುತ್ತಿರಲಿಲ್ಲ. ಬಂದ ವಿವರವನ್ನೆಲ್ಲ ವೈದ್ಯರಿಗೆ ಹೇಳಿದೆ. ಅವರು ಪರೀಕ್ಷಿಸಿ ಮೊದಲ ಡೋಸ್ ಬರೆದರು, ನಾನು ಕೊಟ್ಟೆ, ಕೊಟ್ಟ ಸಮಯವನ್ನು ರೆಫರ್ ಚೀಟಿಯ ಮೇಲೆ ದೊಡ್ಡದಾಗಿ ಬರೆದೆ, ಮತ್ತು ನವಜಾತ ಶಿಶುಗಳ ವಿಶೇಷ ಘಟಕವಿರುವ ರಾಯಚೂರಿಗೆ 108ರಲ್ಲಿ ಕಳಿಸಿದೆವು. ಅಲ್ಲಿಗೆ ಸುಮಾರು ಎರಡು ತಾಸಿನ ದಾರಿ. ಮರುದಿನ ರಾತ್ರಿ ಹೆರಿಗೆಯಾಯಿತೆಂದೂ ಕೂಸನ್ನು ಘಟಕದಲ್ಲಿ ಇಟ್ಟುಕೊಂಡರೆಂದೂ ಕೆಲವು ವಾರಗಳ ಮೇಲೆ ಮನೆಗೆ ಬಂದರೆಂದೂ ಆಶಾ ಕಾರ್ಯಕರ್ತೆಯಿಂದ ತಿಳಿಯಿತು.

ಇದನ್ನು ಅರ್ಜಿಯಲ್ಲಿ ಬರೆಯುವಾಗ ನನ್ನ ಮುಂದೆ ಎರಡು ದಾರಿಗಳಿದ್ದವು, ಮತ್ತು ಎರಡೂ ತಪ್ಪಾಗಿದ್ದವು. ‘ಒಂದು ಕೂಸಿನ ಜೀವ ಉಳಿಸಿದೆ’ ಎಂದು ಬರೆದರೆ ಅದು ಸುಳ್ಳು. ಮದ್ದು ಬರೆದವರು ವೈದ್ಯರು, ದಾರಿಯಲ್ಲಿ ನೋಡಿಕೊಂಡವರು ಆಂಬುಲೆನ್ಸಿನವರು, ವಾರಗಟ್ಟಲೆ ಕೂಸನ್ನು ಸಾಕಿದವರು ರಾಯಚೂರಿನ ನರ್ಸ್‌ಗಳು. ‘ನಮ್ಮ ತಂಡ ಇದನ್ನು ನಿಭಾಯಿಸಿತು’ ಎಂದು ಬರೆದರೆ ಅದು ಸುಳ್ಳಲ್ಲ, ಆದರೆ ನಾನು ಅದರಲ್ಲಿ ಇಲ್ಲ. ಹಲವು ಬಾರಿ ಹೊಡೆದು ಹಾಕಿ ಬರೆದ ಮೇಲೆ, ನನ್ನ ಕೈಯಿಂದ ಆದದ್ದನ್ನು ಮಾತ್ರ ಎತ್ತಿಕೊಂಡೆ: ಕಾರ್ಡಿಲ್ಲದೆ ಬಂದ ಗರ್ಭಿಣಿಯ ದಿನಗಳನ್ನು ಹಬ್ಬ ಹುಣ್ಣಿಮೆಗಳ ನೆನಪಿನಿಂದ ಲೆಕ್ಕ ಹಾಕಿದೆ, ಟೇಪ್ ಅಳತೆಯೊಂದಿಗೆ ಹೋಲಿಸಿದೆ, 33 ವಾರವೆಂದು ವೈದ್ಯರಿಗೆ ತಿಳಿಸಿದೆ. ಇದರ ಆಧಾರದ ಮೇಲೆ ವೈದ್ಯರು ತೀರ್ಮಾನ ತೆಗೆದುಕೊಂಡರು. ಇಷ್ಟೇ. ಇಷ್ಟನ್ನು ಹೇಳಿದಾಗ ಯಾರ ಪಾಲನ್ನೂ ಕಿತ್ತುಕೊಂಡಂತಾಗಲಿಲ್ಲ, ನನ್ನ ಪಾಲನ್ನು ಬಿಟ್ಟುಕೊಟ್ಟಂತೆಯೂ ಆಗಲಿಲ್ಲ.

ನನ್ನ ತವರು ಮಸ್ಕಿಯ ಕಡೆ. ಅಲ್ಲಿನ ಬಂಡೆಯ ಮೇಲಿನ ಅಶೋಕನ ಶಾಸನವನ್ನು 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಗುರುತಿಸಿದರು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯ ಕಲ್ಲಿನ ಮೇಲೆ ‘ಅಶೋಕ’ ಎಂಬ ಹೆಸರೇ ಸಿಕ್ಕಿತು, ಮತ್ತು ಆ ದೇವಾನಾಂಪ್ರಿಯ ಯಾರೆಂಬುದು ಅದರಿಂದ ಖಚಿತವಾಯಿತು. ಶಾಲೆಯ ಪ್ರವಾಸದಲ್ಲಿ ನೋಡಿದ ಆ ಬಂಡೆ ಅರ್ಜಿ ಬರೆಯುವಾಗ ಸುಮ್ಮನೆ ನೆನಪಾಗಲಿಲ್ಲ. ನಮ್ಮನ್ನು ಎಲ್ಲರೂ ಕರೆಯುವುದು ಸಿಸ್ಟರ್ ಎಂದೇ. ರೋಗಿಗಳಿಗೆ ಸಿಸ್ಟರ್, ವೈದ್ಯರಿಗೆ ಸಿಸ್ಟರ್, ಕಡತದಲ್ಲಿ ‘ಕರ್ತವ್ಯನಿರತ ಶುಶ್ರೂಷಾಧಿಕಾರಿ’. ಅದು ಗೌರವದ ಮಾತೇ, ನನಗೆ ಪ್ರಿಯವಾದ ಮಾತೂ ಹೌದು. ಆದರೆ ಇಷ್ಟೊಂದು ವರ್ಷ ಹೆಸರಿಲ್ಲದೆ ಕರೆಸಿಕೊಂಡವಳಿಗೆ, ಹೆಸರು ಹಾಕಿ ಇದು ನಾನು ಮಾಡಿದ್ದು ಎಂದು ಬರೆಯುವಾಗ ಕೈ ಹಿಂಜರಿಯುತ್ತದೆ. ಆ ಹಿಂಜರಿಕೆ ಬರುತ್ತದೆಂದು ಮೊದಲೇ ತಿಳಿದಿದ್ದರೆ ಒಳ್ಳೆಯದು, ಏಕೆಂದರೆ ಅದನ್ನು ನಾವು ವಿನಯವೆಂದು ತಪ್ಪಾಗಿ ತಿಳಿಯುತ್ತೇವೆ.

ಬರೆಯುವ ವಿಷಯದಲ್ಲಿ ಕನ್ನಡ ನನಗೆ ಒಂದು ಸಹಾಯ ಮಾಡಿತು. ನಮ್ಮ ಕ್ರಿಯಾಪದದ ಕೊನೆಯಲ್ಲೇ ಮಾಡಿದವರು ಅಡಗಿರುತ್ತಾರೆ. ನೋಡಿದೆ, ಎಣಿಸಿದೆ, ಕರೆದೆ ಎಂದರೆ ಸಾಕು. ಪ್ರತಿ ವಾಕ್ಯಕ್ಕೂ ‘ನಾನು’ ಎಂದು ಎದೆ ತಟ್ಟಿಕೊಳ್ಳಬೇಕಿಲ್ಲ. ಅರ್ಜಿಯನ್ನು ಇಂಗ್ಲಿಷಿನಲ್ಲಿ ಸಲ್ಲಿಸಬೇಕಿದ್ದರೂ ನಾನು ಮೊದಲು ಕನ್ನಡದಲ್ಲೇ ಬರೆದೆ, ಬರೆದದ್ದನ್ನು ಗಟ್ಟಿಯಾಗಿ ಓದಿದೆ, ವಿಶೇಷಣ ಬಂದಲ್ಲೆಲ್ಲ ಪೆನ್ಸಿಲ್ಲಿನಿಂದ ಗೆರೆ ಎಳೆದು ಅದರ ಜಾಗದಲ್ಲಿ ಒಂದು ಕ್ರಿಯಾಪದವನ್ನು ಹುಡುಕಿದೆ. ‘ಒತ್ತಡದಲ್ಲೂ ತಾಳ್ಮೆಯಿಂದ ಕೆಲಸ ಮಾಡುತ್ತೇನೆ’ ಎಂಬುದು ಹೋಗಿ, ‘ಏಕಕಾಲಕ್ಕೆ ಮೂವರಿಗೆ ನೋವು ಬಂದ ರಾತ್ರಿಗಳಲ್ಲಿ ಮೂವರ ಪಾರ್ಟೋಗ್ರಾಫ್‌ಗಳನ್ನೂ (ಹೆರಿಗೆಯ ಪ್ರಗತಿಯನ್ನು ಗುರುತಿಸುವ ನಕ್ಷೆಗಳನ್ನೂ) ಅರ್ಧ ಗಂಟೆಗೊಮ್ಮೆ ತುಂಬಿಸುತ್ತಾ, ಎಚ್ಚರಿಕೆಯ ಗೆರೆ ದಾಟಿದವರನ್ನು ಮೊದಲು ವೈದ್ಯರಿಗೆ ತೋರಿಸುತ್ತೇನೆ’ ಎಂಬುದು ಬಂತು. ‘ಜವಾಬ್ದಾರಿಯುತಳು’ ಎಂಬುದು ಹೋಗಿ, ಡ್ಯೂಟಿ ವಹಿಸಿಕೊಳ್ಳುವಾಗ ಪ್ರತಿ ಬಾಣಂತಿಯ ಗರ್ಭಕೋಶವನ್ನು ಮುಟ್ಟಿ ನೋಡುವ ಆ ಒಂದು ನಿಮಿಷ ಬಂತು. ಇಂಗ್ಲಿಷಿಗೆ ತರುವಾಗ ಕ್ರಿಯಾಪದಗಳು ಹಾಗೆಯೇ ಉಳಿದವು, ಆದ್ದರಿಂದ ನನ್ನ ಸರಳ ಇಂಗ್ಲಿಷೂ ಸಾಕಾಯಿತು. ದೊಡ್ಡ ಪದ ಬೇಕಾಗುವುದು ಹೇಳಲು ಸಂಗತಿ ಇಲ್ಲದಾಗ.

ಸಂಖ್ಯೆಗಳನ್ನು ಬಳಸುವಾಗ ಎಚ್ಚರ ಬೇಕು. ನಮ್ಮ ಆಸ್ಪತ್ರೆಯ ಒಟ್ಟು ಹೆರಿಗೆಗಳ ಸಂಖ್ಯೆಯನ್ನು ತಮ್ಮದೆಂಬಂತೆ ಬರೆದುಕೊಂಡ ಅರ್ಜಿಗಳನ್ನು ನೋಡಿದ್ದೇನೆ. ಅದು ಸರಿಯಲ್ಲ, ಮತ್ತು ಅನುಭವಿಗಳು ಅದನ್ನು ಒಂದೇ ಪ್ರಶ್ನೆಯಲ್ಲಿ ಹಿಡಿಯುತ್ತಾರೆ. ನನ್ನ ಡೈರಿಯಲ್ಲಿ ನಾನೇ ಎಣಿಸಿದ್ದನ್ನು ಮಾತ್ರ ಬರೆದೆ: ಎರಡು ತಿಂಗಳಲ್ಲಿ ಆರು ಮಂದಿಯ ದಿನಗಳನ್ನು ಹಬ್ಬಗಳ ನೆನಪಿನಿಂದ ಗುರುತಿಸಿದ್ದೆ. ಆರು ಸಣ್ಣ ಸಂಖ್ಯೆ, ಆದರೆ ನಿಜವಾದ ಸಂಖ್ಯೆ. ಹಾಗೆಯೇ, ಘಟನೆ ಬರೆಯುವಾಗ ಆ ತಾಯಿಯ ಹೆಸರು, ಊರು, ಗುರುತು ಸಿಗುವಂತಹ ಯಾವುದೂ ಬರಬಾರದು. ಅವಳು ತನ್ನ ಕಷ್ಟವನ್ನು ನನಗೆ ಹೇಳಿದ್ದು ನನ್ನ ಅರ್ಜಿಗಾಗಿ ಅಲ್ಲ. ಇಲ್ಲಿಯೂ ಕೆಲವು ವಿವರಗಳನ್ನು ಬದಲಿಸಿಯೇ ಬರೆದಿದ್ದೇನೆ.

ಪ್ರಮಾಣಪತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೋಂದಣಿ, ಅಂಕಪಟ್ಟಿ, ಸೇವಾ ಪ್ರಮಾಣಪತ್ರ, ಇವೆಲ್ಲ ಬೇಕೇಬೇಕು. ಸಂವಿಧಾನದ 371(ಜೆ) ವಿಧಿಯಿಂದ ಕಲ್ಯಾಣ ಕರ್ನಾಟಕದ ನಮಗೆ ಶಿಕ್ಷಣ, ಉದ್ಯೋಗಗಳಲ್ಲಿ ಸಿಕ್ಕಿರುವ ಮೀಸಲು ನ್ಯಾಯವಾದದ್ದು, ಅದು ಎಷ್ಟೋ ಮನೆಗಳ ಬದುಕು ಬದಲಿಸಿದೆ. ಆದರೆ ಅರ್ಹತಾ ಪತ್ರವೇ ನಮ್ಮ ಪರವಾಗಿ ಮಾತನಾಡುತ್ತದೆಂದು ನಂಬಿ ಸಾಮರ್ಥ್ಯದ ಚೌಕವನ್ನು ಅರ್ಧ ಖಾಲಿ ಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಈ ಭಾಗದ ನರ್ಸ್‌ಗಳಿಗೆ ಗೊತ್ತಿರುವುದು ಇನ್ನಾರಿಗೂ ಗೊತ್ತಿಲ್ಲದಷ್ಟಿದೆ. ನಾಟಿಯ ಕಾಲದಲ್ಲಿ ಗದ್ದೆಯಿಂದ ನೇರವಾಗಿ ಬರುವ ತುಂಬು ಗರ್ಭಿಣಿಯನ್ನು ಮಾತನಾಡಿಸುವುದು, ರೆಫರ್ ಎಂದೊಡನೆ ಖರ್ಚಿನ ಭಯಕ್ಕೆ ಮನೆಗೆ ಹೊರಡುವ ಕುಟುಂಬವನ್ನು ಹತ್ತು ನಿಮಿಷದಲ್ಲಿ ಒಪ್ಪಿಸುವುದು ಯಾವ ಕೋರ್ಸಿನಲ್ಲೂ ಬಾರದ ವಿದ್ಯೆ. 2018ರಲ್ಲಿ ಕೇಂದ್ರ ಸರ್ಕಾರ ಮಿಡ್‌ವೈಫರಿ ಸೇವೆಗಳ ಮಾರ್ಗಸೂಚಿ ಹೊರಡಿಸಿ, ಅನುಭವಿ ನರ್ಸ್‌ಗಳಿಗೆ 18 ತಿಂಗಳ ವಿಶೇಷ ತರಬೇತಿಯನ್ನು ರೂಪಿಸಿದಾಗ ನನಗಾದ ಸಂತೋಷಕ್ಕೆ ಕಾರಣ ಇದೇ. ಈ ವಿದ್ಯೆ ಇರುವವರು ಆ ತರಬೇತಿಗಳಿಗೆ ಹೋಗಬೇಕು, ಹೋಗಿ ಇಲ್ಲಿಗೇ ಮರಳಬೇಕು.

ಈ ಸಲ ನನ್ನನ್ನು ಸಂದರ್ಶನಕ್ಕೆ ಕರೆದರು. ಮೂವರಿದ್ದರು. ಮೊದಲ ಪ್ರಶ್ನೆಯೇ ಎಳ್ಳಮಾವಾಸ್ಯೆಯ ಬಗ್ಗೆ ಬಂತು. ನೆನಪು ತಪ್ಪಾಗಿದ್ದರೆ ಏನು ಮಾಡುತ್ತೀರಿ ಎಂದು ಹಿರಿಯರೊಬ್ಬರು ಕೇಳಿದರು. ಅದಕ್ಕೇ ಟೇಪ್ ಅಳತೆಯೊಂದಿಗೆ ಹೋಲಿಸುತ್ತೇನೆ, ಎರಡೂ ತಾಳೆಯಾಗದಿದ್ದರೆ ಎರಡನ್ನೂ ವೈದ್ಯರಿಗೆ ಹೇಳುತ್ತೇನೆ, ನನ್ನ ಲೆಕ್ಕವನ್ನೇ ಸರಿಯೆಂದು ಹಟ ಹಿಡಿಯುವುದಿಲ್ಲ ಎಂದೆ. ನಿಮ್ಮ ಕೊರತೆಯೇನು ಎಂಬ ಪ್ರಶ್ನೆಗೆ, ಎಲ್ಲವನ್ನೂ ನಾನೇ ಮುಟ್ಟಿ ನೋಡುವ ಅಭ್ಯಾಸದಿಂದ ಕಿರಿಯರಿಗೆ ಮಾಡಲು ಬಿಡುವುದು ಕಡಿಮೆಯಾಗಿದೆ, ಕಲಿಸುವುದನ್ನು ಕಲಿಯಲೆಂದೇ ಈ ತರಬೇತಿ ಕೇಳುತ್ತಿದ್ದೇನೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಮೊದಲ ಅರ್ಜಿಯ ಕಾಲದಲ್ಲಿ ಈ ಪ್ರಶ್ನೆ ಬಂದಿದ್ದರೆ ಏನು ಹೇಳುತ್ತಿದ್ದೆನೋ ತಿಳಿಯದು. ತನ್ನ ಬಲ ಯಾವುದೆಂದು ಸ್ಪಷ್ಟವಾದ ಮೇಲೆ, ಅದೇ ಬಲದ ಮಗ್ಗುಲಲ್ಲಿ ಕೊರತೆಯೂ ಕಾಣಿಸುತ್ತದೆ. ಫಲಿತಾಂಶ ಇನ್ನೂ ಬಂದಿಲ್ಲ.

ಕಳೆದ ಭಾನುವಾರ ಕುಷ್ಟಗಿ ಕಡೆಯ ಒಬ್ಬ ಕಿರಿಯ ಸಹೋದ್ಯೋಗಿ ತನ್ನ ಅರ್ಜಿ ಹಿಡಿದು ಮನೆಗೆ ಬಂದಿದ್ದಳು. ಅವಳು ಮಕ್ಕಳ ವಾರ್ಡಿನವಳು, ನಾಲ್ಕು ವರ್ಷದ ಅನುಭವ. ಶ್ರಮಜೀವಿ, ಪ್ರಾಮಾಣಿಕಳು ಎಂದು ಶುರುವಾಗಿತ್ತು. ಇದನ್ನು ಬಿಟ್ಟು ನಿನ್ನದೇನಾದರೂ ಬರೆ ಎಂದರೆ, ‘ನಂದೇನೈತಿ ಅಕ್ಕ, ಎಲ್ಲಾರು ಮಾಡೋದನ್ನ ನಾನೂ ಮಾಡ್ತೀನಿ’ ಎಂದಳು. ಹಾಗಾದರೆ ಬೇರೆ ವಾರ್ಡಿನವರು ರಾತ್ರಿ ನಿನ್ನನ್ನು ಯಾವುದಕ್ಕೆ ಕರೆಯುತ್ತಾರೆ ಎಂದು ಕೇಳಿದೆ. ವಾಂತಿಭೇದಿಯಿಂದ ಒಣಗಿದ ಕೂಸುಗಳಿಗೆ ನರ ಸಿಗದಿದ್ದಾಗ ಕರೆಯುತ್ತಾರೆ ಎಂದಳು, ಅದೂ ಏನು ದೊಡ್ಡದು ಎಂಬ ಧ್ವನಿಯಲ್ಲಿ. ಎಲ್ಲರೂ ಎರಡು ಮೂರು ಸಲ ಚುಚ್ಚಿ ಬಿಟ್ಟ ಕೂಸಿಗೆ ನೀನು ಹೇಗೆ ಹಾಕುತ್ತೀ ಎಂದೆ. ಅವಳು ತನ್ನ ಎಡಗೈಯನ್ನು ಮೇಜಿನ ಮೇಲೆ ಕೂಸಿನ ಕೈಯೆಂಬಂತೆ ಇಟ್ಟು, ಮೊದಲು ಚುಚ್ಚುವುದಿಲ್ಲ, ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತೇನೆ, ತಾಯಿಯ ತೊಡೆಯ ಮೇಲೇ ಇರಲು ಬಿಡುತ್ತೇನೆ, ದೀಪ ಆರಿಸಿ ಮೊಬೈಲಿನ ಬೆಳಕನ್ನು ಅಂಗೈಯ ಕೆಳಗಿನಿಂದ ಹಿಡಿದರೆ ಒಳಗೆ ನರ ಕಪ್ಪು ಗೆರೆಯಂತೆ ಕಾಣುತ್ತದೆ ಎಂದು ಬೆರಳಿನಿಂದ ತೋರಿಸುತ್ತಾ ಹೋದಳು. ಐದು ನಿಮಿಷ ನಿಲ್ಲಿಸಲಿಲ್ಲ. ನಾನು ಅವಳ ಅರ್ಜಿಯನ್ನು ಮಗುಚಿ, ಹಿಂದಿನ ಖಾಲಿ ಹಾಳೆಯನ್ನು ಅವಳ ಮುಂದೆ ಸರಿಸಿ ಪೆನ್ನು ಕೊಟ್ಟೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಬಗ್ಗಿ ಬರೆಯತೊಡಗಿದಳು: ‘ಕೂಸಿನ ನರ ಸಿಗದಿದ್ದಾಗ ಮೊದಲು ಅದರ ಕೈಯನ್ನು ನನ್ನ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತೇನೆ.’